ಸ್ಟಾರ್ಟರಿನೊಳಗಿನ ‘ಟಕ್’

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಅಡಿಗೆಮನೆಯ ಗ್ರೈಂಡರಿನ ಪಕ್ಕದ ಗೋಡೆಯ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆ. ಅದಕ್ಕೊಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಗಿರಣಿಯಲ್ಲಿ ದುಡಿದ ಹಿರಿಯರಿಗಂತೂ ಇದು ಹಳೆಯ ಪರಿಚಯ. ಹಸಿರು ಒತ್ತಿದೊಡನೆ ಒಳಗೆ ‘ಟಕ್’ ಎಂದು ಸದ್ದಾಗಿ ಯಂತ್ರ ತಿರುಗುತ್ತದೆ. ಸದ್ದು ಮಾಡಿದವನ ಹೆಸರು ರಿಲೇ. ಮೋಟಾರಿನಂಥ ಭಾರ ಹೊರುವ ಅವನ ದೊಡ್ಡಣ್ಣನಿಗೆ ಕಾಂಟ್ಯಾಕ್ಟರ್ ಎನ್ನುತ್ತಾರೆ.

ಕಬ್ಬಿಣದ ತುಂಡಿಗೆ ತಾಮ್ರದ ತಂತಿಯನ್ನು ನೂರಾರು ಸುತ್ತು ಸುತ್ತಿ ಕರೆಂಟು ಹರಿಸಿದರೆ ಅದು ಅಯಸ್ಕಾಂತವಾಗುತ್ತದೆ. ಕರೆಂಟು ನಿಂತರೆ ಮತ್ತೆ ಬರಿಯ ಕಬ್ಬಿಣ. ಅದರೆದುರಿಗೆ ಸ್ಪ್ರಿಂಗು ಹಿಂದಕ್ಕೆಳೆದು ಹಿಡಿದಿರುವ ಒಂದು ಪಟ್ಟಿ. ಅಯಸ್ಕಾಂತ ಸೆಳೆದಾಗ ಪಟ್ಟಿ ಬಂದು ಬಡಿಯುತ್ತದೆ. ಅದರೊಡನೆ ಲೋಹದ ಎರಡು ತುದಿಗಳು ಕೂಡಿ ಇನ್ನೊಂದು ದೊಡ್ಡ ಕರೆಂಟಿಗೆ ದಾರಿಯಾಗುತ್ತದೆ. ಇಷ್ಟೇ ಗುಟ್ಟು.

1835ರ ಸುಮಾರಿಗೆ ಅಮೆರಿಕದ ಜೋಸೆಫ್ ಹೆನ್ರಿ ಈ ಉಪಾಯವನ್ನು ಕಂಡುಕೊಂಡರು. ತಂತಿ ಸಮಾಚಾರಕ್ಕೆ ಇದೇ ಜೀವಾಳವಾಯಿತು. ಬಹುದೂರ ಸಾಗಿ ಸೊರಗಿದ ಕರೆಂಟಿನಿಂದಲೇ ರಿಲೇ ಆಡಿ, ಹೊಸ ಬ್ಯಾಟರಿಯ ಕರೆಂಟನ್ನು ಮುಂದಕ್ಕೆ ಅಟ್ಟುತ್ತಿತ್ತು. ದಣಿದ ಅಂಚೆಯಾಳು ತನ್ನ ಚೀಲವನ್ನು ಮುಂದಿನವನ ಹೆಗಲಿಗೆ ಹಾಕಿದಂತೆ. ನಮ್ಮ ದೇಶದಲ್ಲಿ ತಂತಿಸೇವೆ 2013ರಲ್ಲಿ ನಿಂತಿತು. ರಿಲೇಗೆ ಮಾತ್ರ ಬಿಡುವಿಲ್ಲ.

ಆದರೆ ಅದರ ದೊಡ್ಡ ಗುಣ ಹಿಡಿಯುವುದರಲ್ಲಿಲ್ಲ, ಬಿಡುವುದರಲ್ಲಿದೆ ಎಂದು ನಮ್ಮ ಅಭಿಪ್ರಾಯ. ರೈಲ್ವೆಯವರು ಇದನ್ನು ಬೇಗ ಅರಿತರು. 1872ರಲ್ಲಿ ವಿಲಿಯಂ ರಾಬಿನ್ಸನ್ ಎಂಬಾತ ಹಳಿಗಳಲ್ಲೇ ಸಣ್ಣ ಕರೆಂಟು ಹರಿಸಿ ರಿಲೇಯನ್ನು ಎತ್ತಿಹಿಡಿಯುವ ಏರ್ಪಾಟಿಗೆ ಹಕ್ಕುಪತ್ರ ಪಡೆದ. ಗಾಡಿ ಬಂದರೆ ಅದರ ಗಾಲಿಗಳು ಎರಡು ಹಳಿಗಳನ್ನೂ ಕೂಡಿಸಿ ಕರೆಂಟನ್ನು ನಡುವೆಯೇ ಹಿಂದಿರುಗಿಸುತ್ತವೆ, ರಿಲೇ ಕೈಬಿಡುತ್ತದೆ, ಸಿಗ್ನಲು ಕೆಂಪಾಗುತ್ತದೆ. ತಂತಿ ಕಡಿದರೂ ಕೆಂಪು, ಬ್ಯಾಟರಿ ಸತ್ತರೂ ಕೆಂಪು. ಏನು ಕೆಟ್ಟರೂ ಗಾಡಿ ನಿಲ್ಲಬೇಕು, ಹೋಗಬಾರದು.

ನಮ್ಮ ಸ್ಟಾರ್ಟರಿನಲ್ಲಿಯೂ ಇದೇ ನ್ಯಾಯ. ಗುಂಡಿಯಿಂದ ಬೆರಳು ತೆಗೆದರೂ ಯಂತ್ರ ನಿಲ್ಲದಿರುವುದೇಕೆ? ಪಟ್ಟಿ ಬಡಿದಾಗ ಅದರ ಸ್ವಂತ ಸುರುಳಿಗೂ ಒಂದು ಪಕ್ಕದ ದಾರಿ ತೆರೆಯುತ್ತದೆ. ಅದು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಊರಿನ ಕರೆಂಟು ಹೋಯಿತೋ, ಹಿಡಿತ ತಪ್ಪಿತು. ಆಮೇಲೆ ಕರೆಂಟು ಬಂದರೂ ಯಾರಾದರೂ ಹಸಿರು ಒತ್ತುವವರೆಗೆ ಯಂತ್ರ ಕದಲುವುದಿಲ್ಲ. ಕರೆಂಟು ಹೋದಾಗ ಹಿಟ್ಟು ಬಳಿಯಲು ಗ್ರೈಂಡರಿನೊಳಗೆ ಕೈಹಾಕುವ ಹುಡುಗನ ಬೆರಳುಗಳು ಉಳಿಯುವುದು ಇದರಿಂದ. ಬರಿಯ ಸ್ವಿಚ್ಚಿಗೆ ಜೋಡಿಸಿದ ಗ್ರೈಂಡರಿಗೆ ಈ ದಯೆಯಿಲ್ಲ.

ನಾವು ಕಂಡ ಒಂದು ಅಡಿಗೆಮನೆಯಲ್ಲಿ ಹಸಿರು ಗುಂಡಿ ಮೇಲೇಳದಂತೆ ಬೆಂಕಿಕಡ್ಡಿ ಸಿಕ್ಕಿಸಿದ್ದರು. ಪದೇಪದೇ ಒತ್ತುವ ಬೇಸರ ತಪ್ಪಿತಂತೆ! ಹಾಗೆ ಮಾಡಿದರೆ ಕರೆಂಟು ಬಂದ ಕ್ಷಣವೇ ಯಂತ್ರ ಹೊರಡುತ್ತದೆ. ಕೆಂಪು ಒತ್ತಿ ಬಿಟ್ಟರೂ ಮತ್ತೆ ಹೊರಡುತ್ತದೆ. ಕಾಂಟ್ಯಾಕ್ಟರಿನ ಪಟ್ಟಿಗೇ ಮರದ ಚೂರು ಒತ್ತಿಕೊಡುವವರೂ ಇದ್ದಾರೆ. ಅದು ಇನ್ನೂ ಘೋರ. ಆಗ ಕೆಂಪು ಗುಂಡಿಯೂ ಕೆಲಸಕ್ಕೆ ಬಾರದು, ಓವರ್‌ಲೋಡ್ ರಿಲೇಯೂ ಬಾರದು.

ಓವರ್‌ಲೋಡ್ ರಿಲೇ ಎಂದರೆ ಕಾಂಟ್ಯಾಕ್ಟರಿನ ಕೆಳಗಿನ ಚಿಕ್ಕ ಪೆಟ್ಟಿಗೆ. ಅದರಲ್ಲಿ ಎರಡು ಲೋಹ ಬೆಸೆದ ಪಟ್ಟಿಗಳಿವೆ. ಕರೆಂಟು ಮಿತಿಮೀರಿದರೆ ಕಾದು, ಬಾಗಿ, ಕಾಂಟ್ಯಾಕ್ಟರಿನ ಸುರುಳಿಯ ದಾರಿಯನ್ನು ಕಡಿಯುತ್ತವೆ. ಹೊರಡುವ ಗಳಿಗೆಯಲ್ಲಿ ಮೋಟಾರು ಮಾಮೂಲಿನ 5-6 ಪಾಲು ಕರೆಂಟು ಎಳೆಯುವುದು ಸಹಜ. ಆದುದರಿಂದ ಈ ಪಟ್ಟಿಗಳು ಬೇಕೆಂದೇ ನಿಧಾನಿಗಳು. 415 ವೋಲ್ಟಿನ 5 ಕುದುರೆಬಲದ ಮೂರು ಫೇಸಿನ ಮೋಟಾರು ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ. ಮೋಟಾರಿನ ತಗಡಿನ ಮೇಲೆ ಬರೆದ ಅಂಕಿಗೇ ಮುಳ್ಳು ನಿಲ್ಲಬೇಕು. ಮತ್ತೆಮತ್ತೆ ಬೀಳುತ್ತದೆಯೆಂದು ಮುಳ್ಳನ್ನು 12ಕ್ಕೆ ತಿರುಗಿಸಿದರೆ ಮೋಟಾರೇ ಸುಟ್ಟೀತು. ಹಿಟ್ಟು ಹೆಚ್ಚಾಗಿದೆಯೋ, ಬೇರಿಂಗು ಬಿಗಿದಿದೆಯೋ, ಒಂದು ಫೇಸು ಹೋಗಿದೆಯೋ, ಅದನ್ನು ಹುಡುಕಿಸಬೇಕು.

ನಾಳೆ ಬೆಳಿಗ್ಗೆ ಒಂದು ಪರೀಕ್ಷೆ ಮಾಡಿರಿ. ಗ್ರೈಂಡರು ಬರಿದಾಗಿರಲಿ, ಯಾರ ಕೈಯೂ ಹತ್ತಿರ ಬೇಡ. ತಿರುಗುತ್ತಿರುವಾಗಲೇ ಮೇನ್ ಸ್ವಿಚ್ಚು ಆರಿಸಿ, ಯಂತ್ರ ನಿಂತ ಮೇಲೆ ಮತ್ತೆ ಹಾಕಿರಿ. ತಾನಾಗಿಯೇ ತಿರುಗತೊಡಗಿದರೆ ಅಲ್ಲಿ ಸ್ಟಾರ್ಟರು ಇಲ್ಲ, ಇಲ್ಲವೇ ಕೆಟ್ಟಿದೆ. ಮಾಲೀಕರಿಗೆ ಅಂದೇ ಹೇಳಿರಿ. ಒಬ್ಬರೇ ಹೋಗದೆ ನಾಲ್ವರು ಕೂಡಿ ಹೋಗಿರಿ.