ಸೆನ್, ಚಿಹಿರೋ ಮತ್ತು ನಮ್ಮನೆ ಹುಡುಗಿಯ ಹೆಸರು

ಸಿನಿಮಾ ಬಗ್ಗೆ ಮಾತಾಡಿ ಎಂದು ರೇಡಿಯೋ ಬಳಗದವರು ಕೇಳಿದಾಗ, ನಾನು ವಿಮರ್ಶಕನಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆ. "ಮನೆಯವರೆಲ್ಲ ಒಟ್ಟಿಗೆ ಕೂತು ನೋಡಿದ ಒಂದು ಸಿನಿಮಾ ಬಗ್ಗೆ ಹೇಳಿ, ಸಾಕು" ಅಂದರು. ಹಾಗಾದರೆ ಕಳೆದ ಬೇಸಿಗೆಯ ಒಂದು ಶನಿವಾರ ಸಂಜೆಯ ಕತೆಯನ್ನೇ ಹೇಳಿಬಿಡುತ್ತೇನೆ.

ಆಗ ಬೆಂಗಳೂರಿನಿಂದ ಅಮ್ಮ ಬಂದಿದ್ದರು. ಇಂಗ್ಲೆಂಡಿನ ಆರು ತಿಂಗಳ ವಿಸಿಟರ್ ವೀಸಾ ಅಂದರೆ ನಿಮಗೆ ಗೊತ್ತೇ ಇದೆ, ಅದರಲ್ಲಿ ಅರ್ಧ ಕಿಟಕಿಯಾಚೆಯ ಮಳೆ ನೋಡುವುದರಲ್ಲೇ ಕಳೆಯುತ್ತದೆ. ಮಗಳಿಗೆ 11 ವರ್ಷ, ಮಗನಿಗೆ 6. ಐದು ಜನಕ್ಕೂ ಒಪ್ಪಿಗೆಯಾಗುವ ಸಿನಿಮಾ ಸಿಗುವುದು ಸುಲಭವಲ್ಲ. ಅಮ್ಮನಿಗೆ ಇಂಗ್ಲಿಷ್ ಬಾರದು, ಮಗನಿಗೆ ಯಾರಾದರೂ ಹಾರಲೇಬೇಕು, ಮಗಳಿಗೆ ಅಪ್ಪ ಆರಿಸಿದ್ದು ಯಾವುದೂ ಬೇಡ. ಕೊನೆಗೆ ನನ್ನ ಹೆಂಡತಿ ರಿಮೋಟ್ ಕಿತ್ತುಕೊಂಡು 'ಸ್ಪಿರಿಟೆಡ್ ಅವೇ' ಹಾಕಿದಳು.

ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಜಪಾನಿನ ಹಯಾವೊ ಮಿಯಾಝಾಕಿ 2001ರಲ್ಲಿ ಮಾಡಿದ ಅನಿಮೇಷನ್ ಚಿತ್ರ. 2002ರಲ್ಲಿ ಬರ್ಲಿನ್ ಚಿತ್ರೋತ್ಸವದ ಗೋಲ್ಡನ್ ಬೇರ್, ಮರುವರ್ಷ ಆಸ್ಕರ್. ಕತೆ ಹೀಗಿದೆ. ಚಿಹಿರೋ ಎಂಬ ಹತ್ತು ವರ್ಷದ ಹುಡುಗಿ ಅಪ್ಪ ಅಮ್ಮನ ಜೊತೆ ಹೊಸ ಊರಿಗೆ ಹೊರಟಿದ್ದಾಳೆ. ಹೊಸ ಮನೆ, ಹೊಸ ಶಾಲೆ, ಮುಖ ಊದಿಸಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಬಿದ್ದುಕೊಂಡಿದ್ದಾಳೆ. ದಾರಿ ತಪ್ಪಿ ಒಂದು ಸುರಂಗ ದಾಟಿದರೆ ಆಚೆ ಪಾಳು ಬಿದ್ದಂತಿರುವ ಪೇಟೆ. ಒಂದು ಅಂಗಡಿಯಲ್ಲಿ ಬಿಸಿಬಿಸಿ ಅಡುಗೆ ರಾಶಿ ಬಿದ್ದಿದೆ, ಜನವಿಲ್ಲ. ಅಪ್ಪ ಅಮ್ಮ ಕೂತು ತಿನ್ನಲು ಶುರುಮಾಡುತ್ತಾರೆ, ತಿನ್ನುತ್ತಾ ತಿನ್ನುತ್ತಾ ಹಂದಿಗಳಾಗಿಬಿಡುತ್ತಾರೆ. ಅದು ದೇವರುಗಳು, ಭೂತಗಳು ಸ್ನಾನಕ್ಕೆ ಬರುವ ಊರು. ಅಲ್ಲಿಯ ಸ್ನಾನಗೃಹದ ಯಜಮಾನಿ ಯುಬಾಬ ಎಂಬ ಮಾಟಗಾತಿ. ಹುಡುಗಿ ಅವಳ ಹತ್ತಿರ ಕೆಲಸಕ್ಕೆ ಸೇರಿ ಅಪ್ಪ ಅಮ್ಮನನ್ನು ಬಿಡಿಸಿಕೊಳ್ಳಬೇಕು.

ಇಂಗ್ಲಿಷ್ ಡಬ್ಬಿಂಗ್ ಹಾಕುವುದೋ, ಜಪಾನಿ ಮಾತು ಕೆಳಗೆ ಇಂಗ್ಲಿಷ್ ಅಕ್ಷರ ಹಾಕುವುದೋ ಎಂದು ಚರ್ಚೆಯಾಯಿತು. ಮಗಳು ಹೇಳಿದಳು, "ಜಪಾನೀಸ್ ಹಾಕಿ. ಹೆಂಗಿದ್ರೂ ಅಜ್ಜಿಗೆ ಎರಡೂ ಒಂದೇ. ನಾನು ಓದಿ ಕನ್ನಡದಲ್ಲಿ ಹೇಳ್ತೀನಿ." ಕೇಳುಗರೇ, ಇದನ್ನು ನಾನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ಭಾನುವಾರದ ಕನ್ನಡ ಕಲಿ ತರಗತಿಗೆ ಎಳೆದುಕೊಂಡು ಹೋಗಬೇಕಾದ ಹುಡುಗಿ ಎರಡು ಗಂಟೆಗೂ ಹೆಚ್ಚು ಹೊತ್ತು ಒಂದೇ ಸಮನೆ ಕನ್ನಡದಲ್ಲಿ ಕತೆ ಹೇಳಿದಳು. ಪದ ಸಿಗದ ಕಡೆ ಅಜ್ಜಿ ಕೊಟ್ಟರು. ಬಾಯ್ಲರ್ ರೂಮಿನಲ್ಲಿ ಆರು ಕೈಯ ಮುದುಕ ನೀರು ಕಾಯಿಸುವುದು ಬಂದಾಗ ಅವಳು ತಡವರಿಸಿದಳು. "ಹಂಡೆ ಒಲೆ ಅನ್ನೇ" ಅಂದರು ಅಮ್ಮ. ಅಲ್ಲಿ ಕಲ್ಲಿದ್ದಲು ಹೊತ್ತು ಓಡಾಡುವ ಪುಟಾಣಿ ಕರಿ ಪ್ರಾಣಿಗಳಿಗೆ 'ಮಸಿ ಮರಿಗಳು' ಎಂದು ಹೆಸರಿಟ್ಟದ್ದೂ ಅಮ್ಮನೇ. ಈಗ ನಮ್ಮ ಮನೆಯಲ್ಲಿ ಅದೇ ಹೆಸರು ಉಳಿದಿದೆ.

ನಾನು ಸ್ವಲ್ಪ ಉಪದೇಶದ ಮನುಷ್ಯ. ಸಿನಿಮಾ ಮುಗಿದ ಮೇಲೆ ಮಕ್ಕಳಿಗೆ ಏನು ಕೇಳಬೇಕು ಎಂದು ಮನಸ್ಸಿನಲ್ಲೇ ಪಟ್ಟಿ ಮಾಡಿಕೊಂಡಿದ್ದೆ. ಊಟಕ್ಕೆ ಕೂತಾಗ ಶುರುಮಾಡಿದೆ: "ಅಪ್ಪ ಅಮ್ಮ ಹಂದಿ ಯಾಕಾದರು? ದುರಾಸೆಗೆ, ಅಲ್ವಾ?"

ಮಗ ಒಪ್ಪಲಿಲ್ಲ. "ಅವರು ದುಡ್ಡು ಕೊಡ್ತೀವಿ ಅಂದ್ರಲ್ಲ, ಕಾರ್ಡ್ ಇದೆ ಅಂದ್ರಲ್ಲ!" ನಿಜ, ಚಿತ್ರದಲ್ಲಿ ಅಪ್ಪ ಹಾಗೇ ಹೇಳುತ್ತಾನೆ. ನನ್ನ ಹತ್ತಿರ ಉತ್ತರವಿರಲಿಲ್ಲ. ಅಮ್ಮ ಹೇಳಿದರು: "ದೇವರಿಗೆ ಅಂತ ತೆಗೆದಿಟ್ಟ ಮೀಸಲು ಅದು. ಮೀಸಲಿಗೆ ಕೈ ಹಾಕಿ ಆಮೇಲೆ ದುಡ್ಡು ಕೊಡ್ತೀನಿ ಅಂದರೆ ಆಯ್ತೇನೋ ಪುಟ್ಟ?" ಎಷ್ಟೋ ವಿಮರ್ಶೆ ಓದಿದ್ದೇನೆ. ಈ ಮೀಸಲು ಎಂಬ ಪದ ಇಲ್ಲದ್ದರಿಂದ ಅವರೆಲ್ಲ ಸುತ್ತಿ ಬಳಸಿ ಹೇಳುತ್ತಿದ್ದರು ಎಂದು ಆಗ ಅನ್ನಿಸಿತು.

ಹಾಕು ಎಂಬ ಹುಡುಗನ ವಿಷಯದಲ್ಲೂ ಅಮ್ಮನೇ ಮುಂದೆ. ಅವನು ನಿಜವಾಗಿ ಒಂದು ನದಿ. ಆ ನದಿಯನ್ನು ಮುಚ್ಚಿ ಮೇಲೆ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ, ಆದ್ದರಿಂದ ಅವನಿಗೆ ವಾಪಸ್ಸು ಹೋಗಲು ಮನೆಯಿಲ್ಲ. "ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದ್ದ ಹಾಗೆ" ಅಂದರು ಅಮ್ಮ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದು ಮಕ್ಕಳಿಗೆ ಹೊಸ ಸಂಗತಿ. ಮಗ ತಕ್ಷಣ ಕೇಳಿದ, "ಹಾಗಾದರೆ ಆ ಕೆರೆಗಳ ಹುಡುಗರು ಈಗ ಎಲ್ಲಿದ್ದಾರೆ?" ಬಸ್ಸಿನಲ್ಲಿ ಓಡಾಡಿಕೊಂಡಿದ್ದಾರೆ ಎಂದೆ. ಅವನಿಗೆ ಅಷ್ಟು ಸಾಕಾಯಿತು.

ಇಲ್ಲಿಯವರೆಗೆ ಎಲ್ಲ ನಗುನಗುತ್ತಾ ನಡೆಯಿತು. ಆಮೇಲೆ ಹೆಸರಿನ ವಿಷಯ ಬಂತು.

ಕೆಲಸಕ್ಕೆ ಸೇರುವಾಗ ಚಿಹಿರೋ ಕರಾರಿನ ಮೇಲೆ ತನ್ನ ಹೆಸರು ಬರೆಯುತ್ತಾಳೆ. ಯುಬಾಬ ಕೈಯಾಡಿಸಿದರೆ ಕಾಗದದ ಮೇಲಿನ ಅಕ್ಷರಗಳು ಎದ್ದು ಅವಳ ಮುಷ್ಟಿ ಸೇರುತ್ತವೆ, ಒಂದೇ ಅಕ್ಷರ ಉಳಿಯುತ್ತದೆ. ಇನ್ನು ಮೇಲೆ ನೀನು ಸೆನ್ ಎನ್ನುತ್ತಾಳೆ. ಆಮೇಲೆ ನಾನು ಹುಡುಕಿ ತಿಳಿದುಕೊಂಡದ್ದು ಇದು: ಚಿಹಿರೋ ಎಂಬ ಹೆಸರಿಗೆ ಎರಡು ಅಕ್ಷರ. ಮೊದಲನೆಯದಕ್ಕೆ ಸಾವಿರ ಎಂದರ್ಥ, ಎರಡನೆಯದು ಎರಡು ತೋಳು ಚಾಚಿದಷ್ಟು ಉದ್ದದ ಅಳತೆ. ನಮ್ಮ ಹಳ್ಳಿಗಳಲ್ಲಿ ಬಾವಿಯ ಹಗ್ಗ ಅಳೆಯುತ್ತಿದ್ದ 'ಮಾರು' ಇದೆಯಲ್ಲ, ಥೇಟ್ ಅದೇ. ಸಾವಿರ ಮಾರು ಆಳದ ಹುಡುಗಿ. ಮಾರನ್ನು ಕಿತ್ತುಕೊಂಡರೆ ಉಳಿಯುವುದು ಸಾವಿರ ಎಂಬ ಬರೀ ಅಂಕಿ, ಅದನ್ನೇ ಬೇರೆ ಥರ ಓದಿದರೆ ಸೆನ್. ಯುಬಾಬ ಜನರನ್ನು ಕಟ್ಟಿಹಾಕುವುದೇ ಹೀಗೆ. ಹೆಸರು ಮರೆತವರಿಗೆ ಮನೆಯ ದಾರಿ ಸಿಗುವುದಿಲ್ಲ ಎಂದು ಹಾಕು ಎಚ್ಚರಿಸುತ್ತಾನೆ. ಅವನೇ ತನ್ನ ಹೆಸರು ಮರೆತವನು.

ಇದು ನನಗೆ ಸಿಕ್ಕ ಒಳ್ಳೆಯ ಅವಕಾಶ ಅನ್ನಿಸಿತು. ನನ್ನ ಮಗಳ ಹೆಸರು ನನ್ನ ಅಜ್ಜಿಯದು, ಐದಕ್ಷರ. ಶಾಲೆಯಲ್ಲಿ ಎರಡಕ್ಷರ. ಎರಡನ್ನೂ ಇಲ್ಲಿ ಹೇಳುವಂತಿಲ್ಲ, ರೇಡಿಯೋದಲ್ಲಿ ಹೇಳಿದರೆ ಮಾತು ಬಿಡುತ್ತೇನೆ ಎಂದು ತಾಕೀತು ಮಾಡಿದ್ದಾಳೆ. ನಾನು ಗಂಭೀರವಾಗಿ ಹೇಳಿದೆ: "ನೋಡು, ನಿನ್ನ ಹೆಸರನ್ನೂ ಹೀಗೇ ಕತ್ತರಿಸಿದ್ದಾರೆ. ಪೂರ್ತಿ ಹೆಸರು ಕರೆಯಿರಿ ಅಂತ ಟೀಚರಿಗೆ ನೀನೇ ಹೇಳಬೇಕು."

ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. "ಟೀಚರ್ ಅಲ್ಲ ಅಪ್ಪ. ಫಾರಮ್ಮಿನಲ್ಲಿ ಬರೆದದ್ದು ನೀನೇ ಅಲ್ವಾ?"

ಹೌದು, ನಾನೇ. ಇಲ್ಲಿಯ ಶಾಲೆಗೆ ಸೇರಿಸುವ ಫಾರಮ್ಮಿನಲ್ಲಿ ಹುಟ್ಟು ದಾಖಲೆಯ ಹೆಸರಿನ ಕೆಳಗೆ 'ಏನೆಂದು ಕರೆಯುತ್ತೀರಿ' ಎಂದು ಇನ್ನೊಂದು ಖಾನೆ ಇರುತ್ತದೆ. ಅವಳಿಗೆ ಆಗ ನಾಲ್ಕು ವರ್ಷ. ನನ್ನ ಹೆಸರು ಆಫೀಸಿನಲ್ಲಿ ಏನೇನಾಗಿದೆ ಎಂದು ನನಗೆ ಗೊತ್ತಿತ್ತು. ಪ್ರತಿ ಮೀಟಿಂಗಿನಲ್ಲೂ ಯಾರೋ ತಡವರಿಸುವುದು, ನಾನು ನಕ್ಕು ಪರವಾಗಿಲ್ಲ ಅನ್ನುವುದು, ಕೊನೆಗೆ ನಾನೇ ಚಿಕ್ಕದು ಮಾಡಿಕೊಂಡದ್ದು. ಮಗಳಿಗೆ ಅದೆಲ್ಲ ಬೇಡ ಎಂದು ಯಾರೂ ಕೇಳುವ ಮೊದಲೇ ಅವಳ ಹೆಸರಿನ ಮೂರಕ್ಷರ ತೆಗೆದುಹಾಕಿದ್ದೆ. ಅಮ್ಮನಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಇಲ್ಲಿಯವರ ಬಾಯಿಗೆ ಬರುವುದಿಲ್ಲ, ಏನು ಮಾಡುವುದು ಎಂದು ಫೋನಿನಲ್ಲಿ ಹೇಳಿಕೊಂಡು ಬಂದಿದ್ದೆ. ಅವರು ಏನೂ ಅನ್ನಲಿಲ್ಲ, ಎದ್ದು ಮಜ್ಜಿಗೆ ತರಲು ಹೋದರು. ಅವರ ಸ್ವಂತ ಅತ್ತೆಯ ಹೆಸರು ಅದು.

ನಾನು ಮಗಳಿಗೆ ತಪ್ಪಾಯಿತು ಅಂದೆ. ಇನ್ನು ಮೇಲೆ ಪೂರ್ತಿ ಹೆಸರೇ ಇರಲಿ, ಸೋಮವಾರವೇ ಶಾಲೆಗೆ ಬರೆಯುತ್ತೇನೆ ಎಂದೆ. ಅದೂ ಅವಳಿಗೆ ಹಿಡಿಸಲಿಲ್ಲ. "ಅಯ್ಯೋ ಅಪ್ಪ, ನನ್ನ ಫ್ರೆಂಡ್ಸೆಲ್ಲ ಕರೆಯೋದು ಅದೇ ಹೆಸರು. ಸೆನ್ ಆಗಿದ್ದಾಗಲೇ ತಾನೇ ಅವಳು ಎಲ್ಲ ಮಾಡಿದ್ದು?"

ಅವಳು ಹೇಳಿದ್ದು ಸರಿ. ಗಬ್ಬು ನಾರುವ ದೇವರೊಬ್ಬ ಬಂದಾಗ ಎಲ್ಲರೂ ಮೂಗು ಮುಚ್ಚಿಕೊಂಡು ಓಡುತ್ತಾರೆ. ಅವನ ಮೈಯಲ್ಲಿ ಚುಚ್ಚಿಕೊಂಡದ್ದನ್ನು ಹಿಡಿದು ಎಳೆಯುವವಳು ಸೆನ್. ಮೊದಲು ಸೈಕಲ್ಲು ಬರುತ್ತದೆ, ಹಿಂದೆಯೇ ಲೋಡುಗಟ್ಟಲೆ ಕಸ, ಕೊನೆಗೆ ತೊಳೆದುಕೊಂಡು ನಗುವ ನದಿ ದೇವರು. ಕಾರಿನಲ್ಲಿ ಮುಖ ಊದಿಸಿಕೊಂಡಿದ್ದ ಚಿಹಿರೋಗೆ ಅದು ಆಗುತ್ತಿರಲಿಲ್ಲ. ಜಪಾನಿ ಶೀರ್ಷಿಕೆಯಲ್ಲೂ ಎರಡು ಹೆಸರೂ ಇವೆ. ದೇವರುಗಳು ಅಡಗಿಸಿಟ್ಟ ಸೆನ್ ಮತ್ತು ಚಿಹಿರೋ ಎಂಬಂಥ ಅರ್ಥ. ಇಂಗ್ಲಿಷಿಗೆ ಬರುವಾಗ ಎರಡೂ ಮಾಯವಾದವು.

"ಆದರೆ ಅವಳು ಇನ್ನೊಂದನ್ನ ಮರೀಲಿಲ್ಲ" ಎಂದು ಮಗಳೇ ಸೇರಿಸಿದಳು. ಹಳೆಯ ಶಾಲೆಯ ಗೆಳತಿಯರು ಕೊಟ್ಟ ಬೀಳ್ಕೊಡುಗೆಯ ಕಾರ್ಡನ್ನು ಹಾಕು ಬಟ್ಟೆಯ ಜೊತೆ ಜೋಪಾನ ಮಾಡಿರುತ್ತಾನೆ. ಅದರ ಮೇಲೆ ತನ್ನ ಹೆಸರು ಓದಿದ ಮೇಲೆ ಅವನು ಕೊಟ್ಟ ಅನ್ನದ ಉಂಡೆ ತಿನ್ನುತ್ತಾ ಆ ಹುಡುಗಿ ಅಳುತ್ತಾಳೆ. ಎಷ್ಟು ದೊಡ್ಡ ಹನಿಗಳು! ಸಿನಿಮಾ ನೋಡುವಾಗ ಆ ಜಾಗದಲ್ಲಿ ನಮ್ಮ ಅನುವಾದಕಿ ಒಂದು ನಿಮಿಷ ಸುಮ್ಮನಾಗಿದ್ದಳು. ಸಬ್‌ಟೈಟಲ್ ಇಲ್ಲ, ಅದಕ್ಕೆ ಸುಮ್ಮನಿದ್ದಾಳೆ ಎಂದುಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಅವಳು ಸೆಕೆಂಡರಿ ಶಾಲೆಗೆ ಹೋಗುವವಳಿದ್ದಳು. ಮತ್ತೆ ಫಾರಮ್ಮು, ಮತ್ತೆ ಅದೇ ಖಾನೆ. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಲ್ಯಾಪ್‌ಟಾಪ್ ತೆಗೆದು ನೋಡಿದೆ. ಹಿಂದಿನ ವಾರ ಅರ್ಧ ತುಂಬಿಸಿ ಇಟ್ಟಿದ್ದೆ, ಆ ಖಾನೆಯಲ್ಲಿ ಎರಡಕ್ಷರ ಆಗಲೇ ಕೂತಿತ್ತು. ಬರೆದದ್ದು ನನಗೆ ನೆನಪೇ ಇರಲಿಲ್ಲ. ಅಳಿಸಿ ಖಾಲಿ ಬಿಟ್ಟೆ.

ಬೆಳಗ್ಗೆ ಅವಳನ್ನು ಕರೆದು ಇದನ್ನು ನೀನೇ ತುಂಬು ಎಂದೆ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಇಬ್ಬರೂ ಗುಸುಗುಸು ಮಾತಾಡಿದರು, ಒಮ್ಮೆ ಜೋರಾಗಿ ನಕ್ಕರು. ಕೊನೆಗೆ ಐದಕ್ಷರವನ್ನೇ ಬರೆದಳು. ಟೀಚರುಗಳಿಗೆ ಅದು, ಗೆಳತಿಯರಿಗೆ ಇದು ಎಂದು ನನಗೆ ವಿವರಿಸಿದಳು. ಮೊದಲ ವಾರ ಹಾಜರಿ ಕರೆಯುವಾಗ ಒಂದೊಂದು ಟೀಚರು ಒಂದೊಂದು ಥರ ಕರೆದರಂತೆ. ಪ್ರತಿ ಸಲವೂ ಅವಳು ತಿದ್ದಿದಳಂತೆ. ಊರಿಗೆ ಹೊರಟು ನಿಂತಿದ್ದ ಅಜ್ಜಿಗೆ ಆ ಉಚ್ಚಾರಣೆಗಳನ್ನೆಲ್ಲ ಒಂದೊಂದಾಗಿ ಮಾಡಿ ತೋರಿಸಿದಳು. ಅಮ್ಮ ಸೂಟ್‌ಕೇಸಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು, "ನಮ್ಮ ಅತ್ತೆ ಕೇಳಿಸಿಕೊಂಡಿದ್ದರೆ ಆ ಮೇಷ್ಟ್ರಿಗೆಲ್ಲ ಸರಿಯಾಗಿ ಮಾಡೋರು" ಅಂದರು.