ಹಾಲಿನ ಕ್ಯಾನಿಗೆ ಬಿಸಿನೀರು, ಊಟದ ತಟ್ಟೆಗೆ ತಣ್ಣೀರು



ಹೋಟೆಲಿನ ಚರಿತ್ರೆ ಎಂದರೆ ದೋಸೆ ಕಾವಲಿ, ಕಾಫಿ ಡಿಕಾಕ್ಷನ್, ಗಲ್ಲಾಪೆಟ್ಟಿಗೆ ಹಿಂದೆ ಕುಳಿತ ಯಜಮಾನರು, ಇಷ್ಟೇ ನೆನಪಾಗುತ್ತದೆ. ಹಿಂಬಾಗಿಲ ಹತ್ತಿರ, ಸದಾ ಒದ್ದೆಯಾಗಿರುವ ಕಟ್ಟೆಯ ಮೇಲೆ ಮುಸುರೆ ತಿಕ್ಕುವವರ ಕಡೆ ಕಣ್ಣು ಹಾಯಿಸಿದವರು ಕಡಿಮೆ. ಹಾಸನದ ಬಸ್ ಸ್ಟ್ಯಾಂಡ್ ಸುತ್ತಿನ ಹೋಟೆಲುಗಳಿರಲಿ, ಹೊಳೆನರಸೀಪುರ, ಅರಕಲಗೂಡಿನ ಮೆಸ್ಸುಗಳಿರಲಿ, ಚನ್ನರಾಯಪಟ್ಟಣದ ಹತ್ತಿರ ಬೆಂಗಳೂರು–ಮಂಗಳೂರು ಹೆದ್ದಾರಿಯ ಬಸ್ಸುಗಳು ಊಟಕ್ಕೆ ನಿಲ್ಲಿಸುವ ಜಾಗಗಳಿರಲಿ, ಹಿಂಬದಿಯಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ: ಎರಡು ಮೂರು ತೊಟ್ಟಿ ನೀರು, ಸೋಪಿನ ಪುಡಿ, ತಿಕ್ಕುವ ನಾರು, ಎರಡು ಕೈ. ಮಾಗಿಯ ಚಳಿಯಲ್ಲಿ ನಸುಕಿಗೇ ಕೈ ನೀರಿಗೆ ಇಳಿಯುತ್ತದೆ. ರಾತ್ರಿಯ ಹೊತ್ತಿಗೆ ಬೆರಳ ಸಂದು ಬೆಳ್ಳಗಾಗಿ ಸುಲಿದಿರುತ್ತದೆ. ಆ ಕೈಯನ್ನು ನೀರಿನಿಂದ ಹೊರಗೆ ತೆಗೆಯಲು ನಡೆದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಪ್ರಯತ್ನವೇ ಇವತ್ತಿನ ಕಥೆ.

ಮೊದಲು ಯಂತ್ರಕ್ಕೂ ಹಿಂದಿನ ಒಂದು ಚಿತ್ರ. ಹಂಪಿಗೆ ಹೋದವರಿಗೆ ಭೋಜನಶಾಲೆ ಎಂದು ಒಂದು ಜಾಗ ತೋರಿಸುತ್ತಾರೆ. ಅಲ್ಲೊಂದು ಕಾಲುವೆ, ಅದರ ದಡದುದ್ದಕ್ಕೂ ಸಾಲು ಹಿಡಿದು ಜೋಡಿಸಿದ ಕಲ್ಲಿನ ತಟ್ಟೆಗಳು. ಅನ್ನಕ್ಕೆ ದೊಡ್ಡ ಗುಳಿ, ಪಲ್ಯ ಗೊಜ್ಜಿಗೆ ಸಣ್ಣ ಗುಳಿ. ತಟ್ಟೆ ಕೂತ ಕಡೆಯೇ ಕೂತಿದೆ, ಪಕ್ಕದಲ್ಲಿ ನೀರು ಹರಿಯುತ್ತದೆ. ಸಾಲು ತಟ್ಟೆಗಳು, ಹರಿಯುವ ನೀರು. ಪಾತ್ರೆ ತೊಳೆಯುವ ಇವತ್ತಿನ ಕನ್ವೇಯರ್ ಯಂತ್ರದಲ್ಲಿ ಇರುವುದೂ ಇವೆರಡೇ. ಯಂತ್ರದಲ್ಲಿ ತಟ್ಟೆಯೂ ಚಲಿಸುತ್ತದೆ, ಅಷ್ಟೇ.

ಯಂತ್ರದ ಕಥೆ ಅಮೆರಿಕದಲ್ಲಿ ಶುರು. 1850ರಲ್ಲಿ ಜೋಯೆಲ್ ಹೌಟನ್ ಎಂಬಾತ ಕೈಯಿಂದ ತಿರುಗಿಸಿ ನೀರು ಎರಚುವ ಮರದ ಪೆಟ್ಟಿಗೆಯೊಂದಕ್ಕೆ ಪೇಟೆಂಟ್ ಪಡೆದ. ಅದು ಕೆಲಸಕ್ಕೆ ಬಂದದ್ದು ಅಷ್ಟಕ್ಕಷ್ಟೇ. ಆಮೇಲೂ ಒಂದಿಬ್ಬರು ಕೈ ಹಾಕಿದರು, ಗೆಲ್ಲಲಿಲ್ಲ. ಅವರನ್ನು ದಾಟಿ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಎಂಬ ಸಣ್ಣ ಊರಿಗೆ ಹೋಗೋಣ. ಅಲ್ಲಿ ಜೋಸೆಫಿನ್ ಕಾಕ್ರನ್ ಇದ್ದರು.

ಕಾಕ್ರನ್ ಅನುಕೂಲಸ್ಥ ಮನೆಯಾಕೆ. ಮನೆಯಲ್ಲಿ ತಲೆಮಾರುಗಳಿಂದ ಬಂದ ಪಿಂಗಾಣಿ ತಟ್ಟೆಗಳಿದ್ದವು. ಕೆಲಸದವರು ತೊಳೆಯುವಾಗ ಅವುಗಳ ಅಂಚು ಮುಕ್ಕಾಗುತ್ತಿತ್ತು. ತಾವೇ ತೊಳೆಯಲು ಕೂತರು, ಬೇಸತ್ತರು, ಯಂತ್ರದ ಯೋಚನೆ ಮಾಡಿದರು. ಅಷ್ಟರಲ್ಲಿ, 1883ರಲ್ಲಿ, ಗಂಡ ತೀರಿಕೊಂಡರು. ಬಿಟ್ಟುಹೋದದ್ದು ಅಲ್ಪ ಹಣ, ಅದಕ್ಕಿಂತ ದೊಡ್ಡ ಸಾಲ. ಹವ್ಯಾಸವಾಗಿದ್ದದ್ದು ಹೊಟ್ಟೆಪಾಡಾಯಿತು. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಜಾರ್ಜ್ ಬಟರ್ಸ್ ಎಂಬ ಮೆಕ್ಯಾನಿಕ್ ನೆರವಿನಿಂದ ಯಂತ್ರ ಕಟ್ಟಿದರು. ಮೊದಲು ತಟ್ಟೆ, ಬಟ್ಟಲು, ಸಾಸರುಗಳನ್ನು ಒಂದೊಂದಾಗಿ ಅಳೆದು, ಅವುಗಳ ಗಾತ್ರಕ್ಕೆ ತಕ್ಕಂತೆ ತಂತಿಯ ಗೂಡು ಹೆಣೆದರು. ಆ ಗೂಡುಗಳನ್ನು ಚಕ್ರವೊಂದಕ್ಕೆ ಕೂರಿಸಿ, ಚಕ್ರವನ್ನು ತಾಮ್ರದ ಬಾಯ್ಲರಿನೊಳಗೆ ಮಲಗಿಸಿದರು. ಚಕ್ರ ತಿರುಗುತ್ತಿದ್ದಂತೆ ಕೆಳಗಿನಿಂದ ಸೋಪಿನ ಬಿಸಿನೀರು ರಭಸವಾಗಿ ಚಿಮ್ಮುತ್ತಿತ್ತು. 1886ರ ಡಿಸೆಂಬರ್ 28ರಂದು ಪೇಟೆಂಟ್ ಬಂತು.

ಈ ಯಂತ್ರದಲ್ಲಿ ಉಜ್ಜುವ ಬ್ರಷ್ ಇರಲಿಲ್ಲ. ಕೊಳೆ ಬಿಡಿಸುವುದು ನೀರಿನ ಬಿಸಿ ಮತ್ತು ರಭಸ ಎಂದು ಆಕೆಗೆ ಹೊಳೆದಿತ್ತು. ಅಲ್ಲಿಂದ ಇಲ್ಲಿಯವರೆಗೆ ಬಂದ ದೊಡ್ಡ ಯಂತ್ರಗಳೆಲ್ಲ ಹೆಚ್ಚುಕಡಿಮೆ ಅದೇ ಸೂತ್ರದ ಮೇಲೆ ನಿಂತಿವೆ. ಮನೆಗಳು ಅದನ್ನು ಕೊಳ್ಳಲಿಲ್ಲ. ಬೆಲೆ ಹೆಚ್ಚು, ಅಷ್ಟು ಬಿಸಿನೀರು ಒದಗಿಸುವ ಬಾಯ್ಲರೂ ಮನೆಗಳಲ್ಲಿರಲಿಲ್ಲ. ಕೊಂಡವು ಹೋಟೆಲುಗಳು. ಶಿಕಾಗೋದ ಪಾಮರ್ ಹೌಸ್ ಮೊದಲ ಗಿರಾಕಿಗಳಲ್ಲಿ ಒಂದು. ಅದೇ ಊರಿನ ಶೆರ್ಮನ್ ಹೌಸ್ ಹೋಟೆಲಿಗೆ ಒಬ್ಬರೇ ಹೋಗಿ, ಆ ವಿಶಾಲವಾದ ಪಡಸಾಲೆ ದಾಟಿದ್ದೇ ತಮ್ಮ ಬದುಕಿನ ಅತಿ ಕಷ್ಟದ ಕೆಲಸಗಳಲ್ಲಿ ಒಂದು ಎಂದು ಆಕೆ ಮುಂದೆ ಹೇಳಿಕೊಂಡಿದ್ದಾರೆ. ಅಪ್ಪನೋ ಗಂಡನೋ ಜೊತೆಗಿಲ್ಲದೆ ಎಲ್ಲಿಗೂ ಹೋಗದ ಹೆಣ್ಣುಮಗಳು. ಹೊರಗೆ ಬರುವಾಗ ಕೈಯಲ್ಲಿ 800 ಡಾಲರಿನ ಆರ್ಡರ್ ಇತ್ತು! 1893ರ ಶಿಕಾಗೋ ವಿಶ್ವಮೇಳದ ಉಪಾಹಾರಗೃಹಗಳಲ್ಲಿ ಆಕೆಯ ಯಂತ್ರಗಳು ಓಡಿದವು, ಬಹುಮಾನವೂ ಬಂತು. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಸೇರಿದ್ದು ಅದೇ ಮೇಳದ ಅಂಗವಾಗಿ. ಕಾಕ್ರನ್ 1913ರಲ್ಲಿ ತೀರಿಕೊಂಡರು. ಅವರ ಕಂಪನಿಯನ್ನು 1926ರಲ್ಲಿ ಹೋಬಾರ್ಟ್ ಎಂಬ ಕಂಪನಿ ಕೊಂಡಿತು. ಮರುವರ್ಷ ಜರ್ಮನಿಯ ಆಫನ್‌ಬರ್ಗ್‌ನಲ್ಲಿ ಮೈಕೊ ಎಂಬ ಇನ್ನೊಂದು ಕಂಪನಿ ಹುಟ್ಟಿತು. ದೊಡ್ಡ ಕನ್ವೇಯರ್ ಯಂತ್ರಗಳ ಮಾತು ಬಂದರೆ ಇವತ್ತಿಗೂ ಈ ಎರಡು ಹೆಸರು ಬರುತ್ತವೆ.

ಇನ್ನು ಕನ್ವೇಯರ್. ಒಂದು ಉದ್ದನೆಯ ಸ್ಟೀಲ್ ಸುರಂಗ. ಅದರೊಳಗೆ ನಿಧಾನವಾಗಿ ಸಾಗುವ ಪಟ್ಟಿ. ಪಟ್ಟಿಗೆ ಹಲ್ಲುಗಳಿದ್ದರೆ ತಟ್ಟೆಗಳನ್ನು ನೇರವಾಗಿ ಅದಕ್ಕೇ ಸಿಕ್ಕಿಸಬಹುದು. ಇಲ್ಲದಿದ್ದರೆ ಚೌಕದ ರ‍್ಯಾಕುಗಳಲ್ಲಿ ಜೋಡಿಸಿ ಒಳಗೆ ತಳ್ಳುತ್ತಾರೆ. ಮೊದಲ ಕೋಣೆಯಲ್ಲಿ ಉಗುರುಬೆಚ್ಚಗಿನ ನೀರು. ಇಲ್ಲೇ ಸುಡುನೀರು ಬಿಟ್ಟರೆ ಮೊಸರು, ಮೊಟ್ಟೆಯಂಥವು ಬೆಂದು ತಟ್ಟೆಗೆ ಅಂಟಿಕೊಂಡುಬಿಡುತ್ತವೆ. ಎರಡನೆಯದರಲ್ಲಿ 65 ಡಿಗ್ರಿ ಆಸುಪಾಸಿನ ಸೋಪಿನ ನೀರು, ಮೇಲಿನಿಂದಲೂ ಕೆಳಗಿನಿಂದಲೂ. ಕೊನೆಯ ಜಾಲಾಟಕ್ಕೆ 82 ಡಿಗ್ರಿಯ ಶುದ್ಧ ನೀರು. ಕೈ ತಾಳುವುದು ಹೆಚ್ಚೆಂದರೆ 45 ಡಿಗ್ರಿ. ಎಂಥ ಚುರುಕಿನ ಕೆಲಸಗಾರರಿಗೂ 82 ಡಿಗ್ರಿಯಲ್ಲಿ ಕೈ ಅದ್ದಲಾಗದು. ಆ ಬಿಸಿಗೆ ರೋಗಾಣು ಸಾಯುತ್ತದೆ, ಹೊರಬಂದ ಸ್ಟೀಲ್ ತಟ್ಟೆ ತನ್ನ ಕಾವಿಗೆ ತಾನೇ ಒಣಗುತ್ತದೆ. ಹೋಟೆಲಿನಲ್ಲಿ ನೂರು ತಟ್ಟೆ ಒರೆಸಿದ ಆ ಒಂದೇ ಒದ್ದೆಬಟ್ಟೆಯ ಕೆಲಸ ಅಲ್ಲಿಗೆ ಮುಗಿಯಿತು.

ಎಲ್ಲಕ್ಕಿಂತ ಚೆಂದದ ಉಪಾಯ ನೀರಿನ ದಾರಿಯಲ್ಲಿದೆ. ತಟ್ಟೆ ಎಡದಿಂದ ಬಲಕ್ಕೆ ಹೋದರೆ ನೀರು ಬಲದಿಂದ ಎಡಕ್ಕೆ ಬರುತ್ತದೆ. ಹೊಸ ನೀರು ಮುಟ್ಟುವುದು ತೊಳೆದು ಮುಗಿದ ತಟ್ಟೆಯನ್ನು. ಅದೇ ನೀರು ಹಿಂದಿನ ತೊಟ್ಟಿಗೆ ಇಳಿದು ಸೋಪಿನ ಜೊತೆ ಸೇರುತ್ತದೆ, ಅಲ್ಲಿಂದ ಮೊದಲ ಕೋಣೆಗೆ ಬಂದು ಎಂಜಲು ತೊಳೆದು ಚರಂಡಿ ಸೇರುತ್ತದೆ. ಒಂದೇ ನೀರಿಗೆ ಮೂರು ದುಡಿಮೆ. ಈಚಿನ ಯಂತ್ರಗಳಲ್ಲಿ ಹೊರಹೋಗುವ ಹಬೆಯ ಶಾಖವನ್ನೂ ಹಿಡಿದು, ಒಳಬರುವ ತಣ್ಣೀರನ್ನು ಬೆಚ್ಚಗೆ ಮಾಡುತ್ತಾರೆ. ನೀರಿಗೂ ಕರೆಂಟಿಗೂ ಪರದಾಡುವ ಬಯಲುಸೀಮೆಗೆ ಹೇಳಿ ಮಾಡಿಸಿದ ವಿದ್ಯೆ ಇದು.

ಕರ್ನಾಟಕದಲ್ಲಿ ಈ ಬಿಸಿಯ ಮಹಿಮೆಯನ್ನು ಬೇಗ ಅರಿತವರು ಬೆಂಗಳೂರಿನ ಯಜ್ಞನಾರಾಯಣ ಮಯ್ಯರು. ಮಯ್ಯ ಸಹೋದರರ ಹೋಟೆಲು ಶುರುವಾದದ್ದು 1924ರಲ್ಲಿ. ಮುಂದೆ ಅದೇ ಮಾವಳ್ಳಿ ಟಿಫಿನ್ ರೂಮ್, ಎಂಟಿಆರ್. 1951ರಲ್ಲಿ ಮಯ್ಯರು ಯೂರೋಪಿಗೆ ಹೋದರು. ಅಲ್ಲಿಯ ಹೋಟೆಲುಗಳ ಶುಚಿ, ಶಿಸ್ತು ಅವರ ಮನಸ್ಸು ಹಿಡಿಯಿತು. ಬಂದವರೇ ತಮ್ಮ ಹೋಟೆಲಿನ ಲೋಟ, ಚಮಚ, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಪದ್ಧತಿ ತಂದರು, ಊಟದ ಒಳ್ಳೆಯ ಅಭ್ಯಾಸಗಳ ಬಗ್ಗೆ ಪುಟ್ಟ ಪುಸ್ತಿಕೆಗಳನ್ನು ಅಚ್ಚು ಹಾಕಿಸಿದರು. ವಿದೇಶದಿಂದ ಹೊಸ ತಿಂಡಿಯ ಬದಲು ಪಾತ್ರೆ ತೊಳೆಯುವ ಕ್ರಮವನ್ನು ತಂದ ಹೋಟೆಲಿನವರು! ಅವರ ರವೆ ಇಡ್ಲಿಯನ್ನು ನಾಡೆಲ್ಲ ಕಲಿತಿತು, ಹಬೆಯನ್ನು ಕಲಿಯಲಿಲ್ಲ.

ಹಾಸನಕ್ಕೆ ಈ ವಿದ್ಯೆ ಬೇರೆ ಬಾಗಿಲಿನಿಂದ ಬಂತು. ಹಾಸನ ಹಾಲು ಒಕ್ಕೂಟ ಶುರುವಾದದ್ದು 1977ರಲ್ಲಿ. ಹಾಸನದ ಜೊತೆ ಚಿಕ್ಕಮಗಳೂರು, ಕೊಡಗಿನ ಹಾಲೂ ಇಲ್ಲಿಗೇ ಸೇರುತ್ತದೆ. ಹಳ್ಳಿ ಸೊಸೈಟಿಗಳ ಹಾಲು 40 ಲೀಟರಿನ ಕ್ಯಾನುಗಳಲ್ಲಿ ಲಾರಿಯೇರಿ ಬರುತ್ತಿದ್ದ ಕಾಲದಲ್ಲಿ, ಡೇರಿಗಳ ಹಾಲು ಇಳಿಸುವ ಕಟ್ಟೆಯಲ್ಲಿ ಕ್ಯಾನ್ ವಾಷರ್ ಎಂಬ ಯಂತ್ರ ಕಾಯುತ್ತಿತ್ತು. ಹಾಲು ಸುರಿದ ಮೇಲೆ ಕ್ಯಾನನ್ನು ಬೋರಲು ಹಾಕಿ ಹಳಿಯ ಮೇಲಿಟ್ಟರೆ ಮುಗಿಯಿತು. ಗಡಗಡ ಸದ್ದು ಮಾಡುತ್ತ ಅದು ಒಂದೊಂದು ಹೆಜ್ಜೆಯಾಗಿ ಮುಂದೆ ಸರಿಯುತ್ತದೆ. ಮೊದಲು ಬೆಚ್ಚಗಿನ ನೀರು, ಮತ್ತೆ ಕ್ಷಾರದ ಬಿಸಿನೀರು, ಸುಡುನೀರು, ಹಬೆ, ಕೊನೆಗೆ ಬಿಸಿಗಾಳಿ. ಆಚೆ ತುದಿಯಲ್ಲಿ ಕ್ಯಾನು ಮುಟ್ಟಿದರೆ ಬಿಸಿ, ಒಳಗೆ ಪೂರ್ತಿ ಒಣ, ಹಾಲಿನ ಕಮಟು ಇಲ್ಲ. ಶಿಕಾಗೋ ಹೋಟೆಲಿನ ತಟ್ಟೆಗೆ ಆದ ಉಪಚಾರವೇ ಹೊಳೆನರಸೀಪುರದ ಕ್ಯಾನಿಗೂ ಆಗುತ್ತಿತ್ತು. ಈಗ ಹಳ್ಳಿಗಳಲ್ಲೇ ಬಲ್ಕ್ ಕೂಲರುಗಳು ಬಂದು ಟ್ಯಾಂಕರಿನಲ್ಲಿ ಹಾಲು ಬರುವುದರಿಂದ ಕ್ಯಾನ್ ವಾಷರಿಗೆ ಕೆಲಸ ಕಡಿಮೆಯಾಗಿದೆ. ಪ್ಯಾಕೆಟ್ ಹಾಲಿನ ಕ್ರೇಟುಗಳು ಮಾತ್ರ ಅಂಥದೇ ಇನ್ನೊಂದು ಸುರಂಗದಲ್ಲಿ ಸ್ನಾನ ಮಾಡುತ್ತವೆ.

ಹಾಲು ಒಡೆದರೆ ನಷ್ಟ ಲೆಕ್ಕಕ್ಕೆ ಸಿಗುತ್ತದೆ, ಅದಕ್ಕೇ ಕ್ಯಾನಿಗೆ ಯಂತ್ರ ಬಂತು. ಮುಸುರೆ ತೊಳೆಯುವವರ ಸುಲಿದ ಬೆರಳು, ಉಣ್ಣುವವರ ಕೆಟ್ಟ ಹೊಟ್ಟೆ ಯಾವ ಲೆಕ್ಕದ ಪುಸ್ತಕದಲ್ಲೂ ಬರಲಿಲ್ಲ. ಬಹಳ ಹೋಟೆಲುಗಳು ತೊಳೆಯುವ ಕಷ್ಟಕ್ಕೆ ಕಂಡುಕೊಂಡ ದಾರಿ ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುವುದು. ಪ್ಲಾಸ್ಟಿಕ್ ತಟ್ಟೆ, ಲೋಟ, ಊಟದ ಮೇಜಿನ ಹಾಳೆಗಳನ್ನೆಲ್ಲ ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿತು. ಹಾಳೆ ಇನ್ನೂ ಹೋಗಿಲ್ಲ.

ಹೋಟೆಲಿಗೆ ಯಂತ್ರ ತರಲು ಅಡಚಣೆಗಳಿಲ್ಲವೆಂದಲ್ಲ. ಕೊಳವೆಬಾವಿಯ ಗಡಸು ನೀರು ಕಾದಾಗ ಬಿಳಿ ಗಾರೆ ಕಟ್ಟಿ ಚಿಮ್ಮುವ ತೂತುಗಳನ್ನು ಮುಚ್ಚುತ್ತದೆ. ನೀರು ಮೆದುಗೊಳಿಸುವ ಫಿಲ್ಟರ್ ಜೊತೆಗಿರಲೇಬೇಕು. ನೇರ ಅಂಚಿನ ಆಳದ ತಟ್ಟೆಯ ಮೂಲೆಗೆ ಚಿಮ್ಮು ಸರಿಯಾಗಿ ತಾಕುವುದಿಲ್ಲ. ಮುದ್ದೆ ಕೂಡಿಸಿದ ಪಾತ್ರೆಯ ತಳ ಯಾವ ಸುರಂಗಕ್ಕೂ ಜಗ್ಗದು. ಅಂಥವಕ್ಕೆ ನೀರಿನ ಜೊತೆ ಸಣ್ಣ ಪ್ಲಾಸ್ಟಿಕ್ ಹರಳುಗಳನ್ನು ರಭಸದಿಂದ ಎರಚಿ ಹತ್ತಿದ್ದನ್ನು ಬಿಡಿಸುವ ಯಂತ್ರವನ್ನು ಸ್ವೀಡನ್ನಿನವರು ಮಾಡಿದ್ದಾರೆ. ಸಣ್ಣ ಹೋಟೆಲಿಗೆ ಉದ್ದನೆಯ ಕನ್ವೇಯರ್ ಬೇಕಾಗಿಯೂ ಇಲ್ಲ. ಒಂದು ರ‍್ಯಾಕನ್ನು ಒಳಗಿಟ್ಟು ಮುಚ್ಚಳ ಎಳೆದರೆ ಒಂದೆರಡು ನಿಮಿಷದಲ್ಲಿ ತೊಳೆದುಕೊಡುವ ಯಂತ್ರ ಸಾಕು.

ಕನ್ವೇಯರಿಗೆ ನಿಜವಾದ ಕೆಲಸ ಇರುವುದು ಹಾಸ್ಟೆಲು, ಆಸ್ಪತ್ರೆ, ಕಲ್ಯಾಣಮಂಟಪ, ಜಾತ್ರೆಗಳಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ ಕಳೆದ ಸಲ ಆದದ್ದು 2018ರಲ್ಲಿ. ಆ ಲೆಕ್ಕಕ್ಕೆ ಮುಂದಿನದು 2030ಕ್ಕೆ ಬರಬೇಕು. ಲಕ್ಷಗಟ್ಟಲೆ ಜನರ ಊಟದ ಏರ್ಪಾಡು ಯೋಜಿಸುವವರು ಅಡುಗೆಯ ಒಲೆಗಳ ಪಟ್ಟಿ ಬರೆಯುವಾಗಲೇ ತೊಳೆಯುವ ಸುರಂಗವನ್ನೂ ಅದರಲ್ಲಿ ಸೇರಿಸಲಿ. ಹೇಗೆ ಓಡಿಸುವುದು ಎಂದು ಕೇಳಲು ದೂರ ಹೋಗಬೇಕಿಲ್ಲ. ಬಾಯ್ಲರ್ ಹತ್ತಿಸಿ, ಹಬೆಯ ಪೈಪು ಬಿಗಿದು, ಸಾವಿರಾರು ಕ್ಯಾನು ತೊಳೆದ ಡೇರಿ ಫಿಟ್ಟರುಗಳು ಹಾಸನದ ಸುತ್ತಮುತ್ತಲೇ ಸಿಗುತ್ತಾರೆ.