ಯಹೂದಿಯರ ದಿನಚರಿ ಮತ್ತು ಮಂಗಳೂರಿನ ಬೆನ್ ಯೀಜು

(ಚೋರನೂರಿನಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಯಹೂದಿಯರ ಬಗ್ಗೆ ಮಾತನಾಡುತ್ತೇನೆ ಎಂದಾಗ ಹಿರಿಯರೊಬ್ಬರು, "ಚೋರನೂರಿಗೂ ಯಹೂದಿಯರಿಗೂ ಏನು ಸಂಬಂಧ ಟೀಚರ್?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಯಹೂದಿ ಎಂಬ ಪದ ಕಿವಿಗೆ ಬಿದ್ದರೆ ನಮಗೆ ಯುದ್ಧದ ಸುದ್ದಿಯೇ ನೆನಪಾಗುತ್ತದೆ. ನಾನು ಇಂದು ಹೇಳುವುದು ಆ ಸುದ್ದಿಯನ್ನಲ್ಲ. ಸುಮಾರು 900 ವರ್ಷಗಳ ಹಿಂದೆ ನಮ್ಮ ಮಂಗಳೂರಿನಲ್ಲಿ ಸಂಸಾರ ಹೂಡಿದ್ದ ಒಬ್ಬ ಯಹೂದಿ ವರ್ತಕರ ವಿಷಯ. ಅದಕ್ಕೂ ಮೊದಲು ಅವರ ಧರ್ಮ ಬೆಳೆದು ಬಂದ ದಾರಿಯನ್ನು ಸ್ವಲ್ಪ ತಿಳಿಯೋಣ.

ಹಜರತ್ ಮೂಸಾರ ತೌರಾತ್ ಅವರ ಮೂಲ ಗ್ರಂಥ. ಆದ್ದರಿಂದಲೇ ನಾವು ಅವರನ್ನು ಅಹ್ಲೆ ಕಿತಾಬ್ ಎನ್ನುತ್ತೇವೆ. ಹಿಂದೆ ಅವರ ಆರಾಧನೆಯ ಕೇಂದ್ರ ಜೆರುಸಲೇಮಿನ ದೇವಾಲಯವಾಗಿತ್ತು. ಹಜರತ್ ಸುಲೈಮಾನರ ಹೆಸರಿನೊಂದಿಗೆ ಸೇರಿದ ಆ ದೇವಾಲಯವನ್ನು ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ಕೆಡವಿದರು. ಮತ್ತೆ ಕಟ್ಟಿದ್ದನ್ನು ಕ್ರಿ.ಶ. 70ರಲ್ಲಿ ರೋಮನ್ನರು ಸುಟ್ಟರು. ಬಲಿ ನಿಂತಿತು, ಪುರೋಹಿತರ ಕೆಲಸವೂ ನಿಂತಿತು. ಆದರೆ ಧರ್ಮ ನಿಲ್ಲಲಿಲ್ಲ. ದೇವಾಲಯದಲ್ಲಿ ನಡೆಯುತ್ತಿದ್ದುದನ್ನು ಅವರ ವಿದ್ವಾಂಸರು ಮನೆಗೆ, ಪ್ರಾರ್ಥನಾ ಮಂದಿರಕ್ಕೆ, ಪಾಠಶಾಲೆಗೆ ತಂದರು. ಬಾಯಿಪಾಠವಾಗಿದ್ದ ನಿಯಮಗಳು ಸುಮಾರು ಕ್ರಿ.ಶ. 200ರಲ್ಲಿ ಮಿಶ್ನಾ ಎಂಬ ಸಂಗ್ರಹವಾದವು. ಅದರ ಮೇಲಿನ ಚರ್ಚೆಗಳು ಮುಂದೆ ತಾಲ್ಮುದ್ ಆದವು.

ಅವರ ದಿನಚರಿ ಕೇಳಿದರೆ ನಮಗೆ ಪರಿಚಿತ ಎನಿಸುತ್ತದೆ. ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ. ಗಂಡುಮಕ್ಕಳಿಗೆ ಸುನ್ನತಿ. ಹಂದಿ ನಿಷಿದ್ಧ, ನಿಯಮದಂತೆ ಕೊಯ್ದ ಮಾಂಸವೇ ಆಗಬೇಕು. ಮಾಂಸವನ್ನೂ ಹಾಲನ್ನೂ ಕೂಡಿಸುವಂತಿಲ್ಲ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್. ಆಗ ಒಲೆ ಹಚ್ಚುವುದಿಲ್ಲ, ವ್ಯಾಪಾರ ಮಾಡುವುದಿಲ್ಲ. ಅಡುಗೆಯೆಲ್ಲ ಮೊದಲೇ ಆಗಿರಬೇಕು. ಮಗನಿಗೆ ತೌರಾತ್ ಕಲಿಸುವುದು ತಂದೆಯ ಕರ್ತವ್ಯ. ಹೆಣ್ಣುಮಕ್ಕಳಿಗೆ ಮಾತ್ರ ಆ ಕಾಲದಲ್ಲಿ ಈ ಅವಕಾಶ ಬಹಳ ಕಡಿಮೆ.

ಈಗ ಮಂಗಳೂರಿಗೆ ಬರೋಣ. ಅಬ್ರಹಾಂ ಬೆನ್ ಯೀಜು ಇಂದಿನ ಟುನೀಸಿಯಾದ ಮಹ್ದಿಯಾ ಊರಿನವರು. ಏಡನ್ ಬಂದರಿನ ಮೂಲಕ ನಮ್ಮ ಕರಾವಳಿಗೆ ಬಂದರು. 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಬರೆದ ಪತ್ರವೊಂದರಲ್ಲಿ ಆಶು ಎಂಬ ಹೆಣ್ಣುಮಗಳನ್ನು ಅವರು ದಾಸ್ಯದಿಂದ ಬಿಡುಗಡೆ ಮಾಡಿದ್ದಾರೆ. ಆಕೆಯೇ ಅವರ ಮಕ್ಕಳ ತಾಯಿ ಎಂದು ವಿದ್ವಾಂಸರು ತಿಳಿಯುತ್ತಾರೆ. 1149ರಲ್ಲಿ ಮಕ್ಕಳೊಡನೆ ಏಡನ್‌ಗೆ ಮರಳುವವರೆಗೆ ಸುಮಾರು ಹದಿನೇಳು ವರ್ಷ ಅವರು ಈ ಕಡೆ ಬಾಳಿದರು.

ಅವರದು ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣದ ವ್ಯಾಪಾರ. ಅದಿರಿನ ಲಾರಿಗಳನ್ನು ನೋಡುತ್ತಾ ಬೆಳೆದ ಸಂಡೂರು ತಾಲ್ಲೂಕಿನ ಮಕ್ಕಳು ಗಮನಿಸಬೇಕು, ಕಬ್ಬಿಣ ಆಗಲೂ ನಮ್ಮ ಕಡಲತೀರದಿಂದ ಹೊರದೇಶಕ್ಕೆ ಹೋಗುತ್ತಿತ್ತು. ಅವರಿಗೊಂದು ಕಂಚಿನ ಪಾತ್ರೆಗಳ ಕಾರ್ಖಾನೆಯೂ ಇತ್ತು. ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನು ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು. ಅವರು ಇತ್ತ ಕಳಿಸುತ್ತಿದ್ದುದು ಸಕ್ಕರೆ, ಒಣದ್ರಾಕ್ಷಿ ಮತ್ತು ಕಾಗದ. ಇಲ್ಲಿ ಕಾಗದ ಸಿಗುತ್ತಿರಲಿಲ್ಲ. ಬೊಮ್ಮ ಎಂಬ ಇಲ್ಲಿಯ ಆಳು ಯಜಮಾನರ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮುಗಿಸಿ ಬರುತ್ತಿದ್ದ. ಪತ್ರಗಳ ಕೊನೆಯಲ್ಲಿ ಅವನಿಗೂ ಸಲಾಂ ಇದೆ. ಯಹೂದಿ, ಮುಸ್ಲಿಂ, ಹಿಂದೂ ವರ್ತಕರು ಪರಸ್ಪರ ನಂಬಿಕೆಯ ಮೇಲೆ ಸರಕು ಕೊಟ್ಟು ತೆಗೆದುಕೊಳ್ಳುತ್ತಿದ್ದ ಕಾಲವದು.

ಇದೆಲ್ಲ ನಮಗೆ ತಿಳಿದದ್ದು ಹೇಗೆ? ದೇವರ ಹೆಸರಿರುವ ಬರಹವನ್ನು ಯಹೂದಿಯರು ಎಸೆಯುವುದಿಲ್ಲ. ಹಳೆಯ ಕಾಗದಗಳನ್ನು ಗೆನಿಜಾ ಎಂಬ ಕೋಣೆಯಲ್ಲಿ ಹಾಕಿಡುತ್ತಾರೆ. ಕೈರೋದ ಬೆನ್ ಎಜ್ರಾ ಮಂದಿರದ ಅಂಥ ಕೋಣೆಯಿಂದ 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅಲ್ಲಿಂದ ಬಂದ ಕಾಗದಗಳಲ್ಲಿ ಬೆನ್ ಯೀಜು ಅವರ ಪತ್ರಗಳೂ ಲೆಕ್ಕದ ಚೀಟಿಗಳೂ ಸಿಕ್ಕವು. ಎಸ್.ಡಿ. ಗೊಯಿಟೈನ್ ಇವುಗಳನ್ನು ಓದಿ ಅರ್ಥ ಹಚ್ಚಿದರು. ಅಮಿತಾವ್ ಘೋಷ್ 1992ರಲ್ಲಿ ಇದೇ ವಿಷಯವಾಗಿ ಪುಸ್ತಕ ಬರೆದರು.

ಒಂದು ಮಾತು ವಿಶೇಷವಾಗಿ ಗಮನಿಸಿ. ಆ ಪತ್ರಗಳ ಭಾಷೆ ಬಹುಪಾಲು ಅರಬ್ಬಿ, ಲಿಪಿ ಹೀಬ್ರೂ. ಬಾಳಿದ್ದು ತುಳುನಾಡಿನಲ್ಲಿ. ವ್ಯವಹಾರವನ್ನು ಅರಬ್ಬಿಯಲ್ಲಿ ನಡೆಸಿದರೂ ಬೆನ್ ಯೀಜು ಮನೆಯ ಲಿಪಿಯನ್ನು ಬಿಡಲಿಲ್ಲ.

ನಮ್ಮಲ್ಲೂ ಹಳೆಯ ಪವಿತ್ರ ಹಾಳೆಗಳನ್ನು ಹೊಳೆಗೆ ಬಿಟ್ಟು 'ಠಂಡಾ' ಮಾಡುವ ಪದ್ಧತಿ ಇದೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ದಾದಾ ಅವರ ಟ್ರಂಕಿನ ಕಾಗದಗಳನ್ನೆಲ್ಲ ಹೀಗೆಯೇ ತುಂಗಭದ್ರೆಗೆ ಬಿಡಲು ಗಂಟು ಕಟ್ಟಿದ್ದರು. ಉರ್ದು ಓದುವವರು ಮನೆಯಲ್ಲಿ ಉಳಿದಿರಲಿಲ್ಲ. ನಾನು ಹಟ ಮಾಡಿ ಬಿಚ್ಚಿಸಿ ಓದಿದೆ. ಜೋಳದ ಲೆಕ್ಕದ ಹಾಳೆಯೊಂದರ ಅಂಚಿನಲ್ಲಿ ನನ್ನ ಅಮ್ಮ ಹುಟ್ಟಿದ ದಿನ, ಹೊತ್ತು ಬರೆದಿತ್ತು. ಅಲ್ಲಿಯವರೆಗೆ ಅಮ್ಮನಿಗೆ ತನ್ನ ವಯಸ್ಸು ಗೊತ್ತಿರಲಿಲ್ಲ. ರೇಷನ್ ಕಾರ್ಡಿನಲ್ಲಿದ್ದುದು ಅಂದಾಜು. ಅಮ್ಮ ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೆ ಓದಲು ಬರುವುದಿಲ್ಲ. ಅವರನ್ನು ಶಾಲೆಗೆ ಕಳಿಸಿರಲಿಲ್ಲ.

ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ. "ಕನ್ನಡ ಸಾಕು, ಉರ್ದು ಯಾಕೆ?" ಎಂದಾಗಲಿ, "ಉರ್ದು ಸಾಕು, ಕನ್ನಡ ಯಾಕೆ?" ಎಂದಾಗಲಿ ಹೇಳಬೇಡಿ. ಕನ್ನಡ ಇಲ್ಲದೆ ಕಚೇರಿ, ನೌಕರಿ, ನೆರೆಹೊರೆ ಇಲ್ಲ. ಉರ್ದು ಇಲ್ಲದೆ ಟ್ರಂಕಿನೊಳಗಿನ ಹಿರಿಯರು ಮೂಕರಾಗುತ್ತಾರೆ. ಹೆಣ್ಣುಮಕ್ಕಳನ್ನು ಅರ್ಧಕ್ಕೆ ಶಾಲೆ ಬಿಡಿಸಬೇಡಿ. ಹಳೆಯ ಕಾಗದಗಳನ್ನು ನೀರಿಗೆ ಬಿಡುವ ಮುನ್ನ ಓದಬಲ್ಲ ಒಬ್ಬರಿಗೆ ತೋರಿಸಿ. ಯಾರೂ ಸಿಗದಿದ್ದರೆ ನನ್ನ ಹತ್ತಿರ ತನ್ನಿ, ಶಾಲೆ ಬಿಟ್ಟ ಮೇಲೆ ಮಕ್ಕಳೊಂದಿಗೆ ಕೂತು ಓದುತ್ತೇನೆ.

ದೇವಾಲಯ ಬಿದ್ದರೂ ಒಂದು ಜನಾಂಗ ಉಳಿದದ್ದು ಓದಿನಿಂದ. ನಮ್ಮ ಮನೆಗಳಲ್ಲಿಯೂ ಆ ಓದು ಉಳಿಯಲಿ.